ಮಾವನ ಸೆಟ್ಟು, ಮಿಷನ್ನಿನ ಸೆಟ್ಟು

ನಮ್ಮ ಸೋದರಮಾವನಿಗೆ ಚಿಂತಾಮಣಿಯಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ! ಹುಟ್ಟಿ ಬೆಳೆದ ಊರಿನಲ್ಲಿ ಹೀಗೂ ಉಂಟೇ ಎಂದು ನೀವು ಕೇಳಬಹುದು. ಉಂಟು. ಅವನಿಗೆ ಗೊತ್ತಿರುವುದು ಹಲ್ಲು ಮಾತ್ರ. ಎದುರಿಗೆ ಬಂದವರು ಬಾಯಿ ಮುಚ್ಚಿಕೊಂಡು ಕೈ ಮುಗಿದರೆ ಅವರು ಯಾರೋ ದಾರಿಹೋಕರು. ಅದೇ ಮನುಷ್ಯ ಒಂದು ಸಲ ಹಲ್ಲು ಕಿರಿದರೆ ಸಾಕು, "ಓಹೋ, ನೀವಾ! ಕೆಳಗಿನ ಹಲ್ಲುಸೆಟ್ಟು ಬಚ್ಚಲಲ್ಲಿ ಬೀಳ್ಸಿ ಎರಡು ತುಂಡು ಮಾಡ್ಕೊಂಡ್ ಬಂದಿದ್ರಲ್ಲ, ಬನ್ನಿ ಬನ್ನಿ" ಎಂದು ನಡುಬೀದಿಯಲ್ಲಿ ಅವರ ಜಾತಕವನ್ನೇ ಬಿಚ್ಚಿಡುತ್ತಾನೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಂತೂ ಅವನ ಪಾಡು ಯಾರಿಗೂ ಬೇಡ. ತರಕಾರಿ ಸಂತೆಯಲ್ಲಿ ಸ್ವಂತ ಹೆಂಡತಿಯನ್ನೇ "ಯಾರಮ್ಮ ನೀವು, ಚೀಲ ಭಾರ ಐತಾ, ಹಿಡ್ಕೊಳ್ಲಾ?" ಎಂದು ಕೇಳಿದ. ಅತ್ತೆ ಏನೂ ಮಾತಾಡದೆ ಚೀಲ ಕೊಟ್ಟಳು, ಮನೆಯವರೆಗೂ ಹೊರಿಸಿದಳು, ಬಾಗಿಲಿಗೆ ಬಂದ ಮೇಲೆ ಮಾಸ್ಕ್ ತೆಗೆದು ತೋರಿಸಿದಳು.

ಇವನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದರೆ ಮೇಣದಲ್ಲಿ ಹಲ್ಲು ಜೋಡಿಸಿ, ಪ್ಲಾಸ್ಟರಿನಲ್ಲಿ ಹೂತು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಮಾಡುವವನು. ಡಾಕ್ಟರು ನಾನು. ನನ್ನನ್ನು ಡಾಕ್ಟರು ಮಾಡಿದವನೂ ಇವನೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಲೈನ್‌ಮನ್ ಕೆಲಸದಲ್ಲಿ ಊರೂರು ಸುತ್ತುವವರು. ಅಮ್ಮನ ಬೆನ್ನಿಗೆ ಹುಟ್ಟಿದ ಈ ತಮ್ಮ ನನ್ನನ್ನು ಮನೆಗೆ ಕರೆದುಕೊಂಡು ಬಂದ, ಮೇಣದ ವಾಸನೆಯಲ್ಲಿ ಬೆಳೆಸಿದ, ಓದಿಸಿದ. ನಾನು ಕ್ಲಿನಿಕ್ ತೆರೆದ ದಿನ ತನ್ನ ಸ್ಪಿರಿಟ್ ದೀಪ, ಮೇಣದ ಚಾಕು ಎತ್ತಿಕೊಂಡು ಬಂದು ಹಿಂದಿನ ರೂಮಿನಲ್ಲಿ ಕೂತ. ಬಾ ಎಂದು ನಾನು ಕರೆದಿರಲಿಲ್ಲ, ಕರೆಯಬೇಕು ಎಂದು ಅವನಿಗೂ ಅನ್ನಿಸಿರಲಿಲ್ಲ.

ಒಂದು ಸಲ ನಮ್ಮ ದೊಡ್ಡಪ್ಪನ ಮಗನಿಗೆ ಹುಡುಗಿ ನೋಡಲು ಗೌರಿಬಿದನೂರಿಗೆ ಹೋದೆವು. ಹಿರಿಯನೆಂದು ಮಾವನನ್ನೂ ಕರೆದುಕೊಂಡು ಹೋದದ್ದು ನಮ್ಮ ತಪ್ಪು. ಉಪ್ಪಿಟ್ಟು ಕೇಸರಿಬಾತು ಬಂತು, ಹುಡುಗಿ ಬಂದಳು, ನಮಸ್ಕಾರ ಮಾಡಿದಳು. ಎಲ್ಲರ ಕಣ್ಣು ಹುಡುಗಿಯ ಮೇಲೆ. ಮಾವನ ಕಣ್ಣು ಮಾತ್ರ ಹುಡುಗಿಯ ತಂದೆಯ ಬಾಯಿಯ ಮೇಲೆ! ಆ ಮನುಷ್ಯ "ನಮ್ಮದು ಮೂರೆಕರೆ ದಾಳಿಂಬೆ" ಎಂದು ಹೇಳುತ್ತಿದ್ದಂತೆ ಮಾವ ಎದ್ದು ಹತ್ತಿರ ಹೋಗಿ, "ಮೇಲಿನ ಸೆಟ್ಟು ಸಡಿಲ ಆಗೈತೆ, ತೆಗೀರಿ" ಎಂದ. ಅವರು ಗಾಬರಿಯಲ್ಲಿ ತೆಗೆದು ಕೊಟ್ಟೇಬಿಟ್ಟರು. ಆಮೇಲೆ ಅರ್ಧ ಗಂಟೆ ಮಾವ ಹಿತ್ತಲಲ್ಲಿ ಕೂತು ಸೆಟ್ಟನ್ನು ಉಜ್ಜಿದ. ಹುಡುಗಿಯ ತಂದೆ ಬೊಚ್ಚುಬಾಯಲ್ಲಿ ಮದುವೆ ಮಾತುಕತೆ ನಡೆಸಿದರು, ನಮಗೆ ಒಂದಕ್ಷರ ತಿಳಿಯಲಿಲ್ಲ, ಎಲ್ಲದಕ್ಕೂ ಹೂಂ ಎಂದೆವು. ಮನೆಗೆ ಬಂದ ಮೇಲೆ ಅತ್ತೆ, "ಹುಡುಗಿ ಹೆಂಗವ್ಳೆ?" ಎಂದು ಕೇಳಿದಳು.

"ಹುಡುಗಿ ಬಂದಿದ್ಳಾ?" ಎಂದ ಮಾವ.

ಹೀಗಿದ್ದವನಿಗೆ ಮೂರು ತಾಲ್ಲೂಕಿನ ಜನ ಬಾಯಿ ಒಪ್ಪಿಸಿದ್ದು ಸುಮ್ಮನೆ ಅಲ್ಲ. ಅವನ ಕೆಲಸದ ರೀತಿಯೇ ಬೇರೆ. ಹಲ್ಲಿನ ಬಣ್ಣಕ್ಕೆ ಕಂಪನಿಗಳು ನಂಬರು ಕೊಟ್ಟಿವೆ. ಮಾವನಿಗೆ ಆ ನಂಬರುಗಳ ಮೇಲೆ ನಂಬಿಕೆಯಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕೆಲಸ ಕಲಿತವನಲ್ಲವೇ, ಅವನಿಗೆ ಜಗತ್ತಿನಲ್ಲಿರುವುದು ಎರಡೇ ಬಣ್ಣ: ಹಳದಿ ಗೂಡು, ಬಿಳಿ ಗೂಡು. ಟೊಮ್ಯಾಟೊ ಮಂಡಿಯ ಯಜಮಾನರೊಬ್ಬರು ಬಂದು ಕೂತರು.

"ನಂಗೆ ಬೆಳ್ಳಗಿರೋ ಹಲ್ಲು ಬೇಕು ಮೇಸ್ತ್ರಿ. ಟೀವೀಲಿ ಬರ್ತದಲ್ಲ, ಅಂಥದ್ದು."

"ನಿಮಗೆ ಹಳದಿ ಗೂಡೇ ಸರಿ ಯಜಮಾನ್ರೆ."

"ಬಾಯಿ ನಂದು ಕಣಯ್ಯ!"

"ಬಾಯಿ ನಿಮ್ದೇ. ನೋಡೋರು ನಾವಲ್ವಾ?"

ಯಜಮಾನರು ಬೈದುಕೊಂಡೇ ಹಳದಿ ಗೂಡು ಹಾಕಿಸಿಕೊಂಡು ಹೋದರು. ಒಂದು ತಿಂಗಳಿಗೆ ವಾಪಸು ಬಂದರು, ಜೊತೆಗೆ ಒಂದು ಕ್ರೇಟು ಟೊಮ್ಯಾಟೊ. ಮದುವೆಯೊಂದರಲ್ಲಿ ಬೀಗರು "ಈ ವಯಸ್ಸಲ್ಲೂ ಸ್ವಂತ ಹಲ್ಲು ಹೆಂಗೆ ಉಳ್ಸ್ಕೊಂಡ್ರಿ?" ಎಂದು ಕೇಳಿದರಂತೆ. ಯಜಮಾನರು ಬೇವಿನಕಡ್ಡಿ ಎಂದು ಹೇಳಿ ಬಂದಿದ್ದರು.

ಸೆಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡಲು ಮಾವನದು ಎರಡು ಪರೀಕ್ಷೆ. ಮೊದಲನೆಯದು, "ವಿದುರಾಶ್ವತ್ಥ ಅನ್ನಿ." ಆ ಒಂದು ಊರಿನ ಹೆಸರಿನಲ್ಲಿ ತುಟಿ, ಹಲ್ಲು, ನಾಲಿಗೆ ಮೂರಕ್ಕೂ ಕೈತುಂಬ ಕೆಲಸ ಇದೆಯಂತೆ. ಎಲ್ಲಿಯಾದರೂ ಗಾಳಿ ಸೋರಿದರೆ ಸೆಟ್ಟು ವಾಪಸ್. ಆದರೆ ನಮ್ಮ ಕಡೆ ಅರ್ಧ ಜನಕ್ಕೆ ಸ್ವಂತ ಹಲ್ಲಿದ್ದಾಗಲೇ ಆ ಹೆಸರು ಪೂರ್ತಿ ಹೊರಡುತ್ತಿರಲಿಲ್ಲ, ಅದಕ್ಕೇನು ಮಾಡುವುದು? ಆಂಧ್ರದ ಗಡಿಯ ಮುದುಕಪ್ಪ ಒಬ್ಬನನ್ನು ನಾಲ್ಕು ದಿನ ಓಡಾಡಿಸಿದ. ಐದನೇ ದಿನ ಮುದುಕಪ್ಪ ಕೈ ಮುಗಿದು, "ಸಾಮಿ, ನಾ ಹೋಗೋದು ತಿರುಪತಿಗೆ. ಆ ಊರಿಗೆ ಹೋಗಲ್ಲ, ಆಣೆ ಮಾಡ್ತೀನಿ, ಹಲ್ಲು ಕೊಟ್ಬಿಡು" ಎಂದ.

ಎರಡನೆಯ ಪರೀಕ್ಷೆ ಕಡಲೆಕಾಯಿ. ಮೇಜಿನ ಮೇಲೆ ಒಂದು ಡಬ್ಬ ತುಂಬ ಹುರಿದ ಕಡಲೆಕಾಯಿ ಸದಾ ಇರುತ್ತದೆ. ಎರಡೂ ದವಡೆಯಲ್ಲಿ ಅಗಿದು ನುಂಗಿ, ಬಾಯಿ ತೆರೆದು ತೋರಿಸಬೇಕು. ಪೇಷಂಟು ಒಂದು ಹಿಡಿ ತಿಂದರೆ ಜೊತೆಗೆ ಮಾವ ಎರಡು ಹಿಡಿ ತಿನ್ನುತ್ತಾನೆ. ಯಾಕೆ ಎಂದು ಕೇಳಿದರೆ, "ಅವರಿಗೆ ಸಂಕೋಚ ಆಗ್ಬಾರ್ದಲ್ಲ!" ಎನ್ನುತ್ತಾನೆ.

ಇಂಥವನ ಮುಂದೆ ನಾನು ಮಿಷನ್ ತಂದು ಇಟ್ಟೆ.

ತರದೆ ಗತಿಯಿರಲಿಲ್ಲ. ಮಾವನ ಒಂದು ಸೆಟ್ಟಿಗೆ ಪೇಷಂಟು ಐದು ಸಲ ಬರಬೇಕು. ಅಂಬಾಜಿದುರ್ಗದ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಅಜ್ಜಿಯರು ಮೂರನೇ ಸಲಕ್ಕೇ "ಹಲ್ಲೂ ಬೇಡ, ನಿನ್ನ ಸಹವಾಸವೂ ಬೇಡ" ಎಂದು ನಿಲ್ಲಿಸಿಬಿಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಪೆನ್ನಿನಂಥ ಕ್ಯಾಮೆರಾವನ್ನು ಬಾಯಿಯೊಳಗೆ ಆಡಿಸಿದರೆ ವಸಡಿನ ಚಿತ್ರ ಕಂಪ್ಯೂಟರಿಗೆ ಬರುತ್ತದೆ, ಹಲ್ಲನ್ನು ಪರದೆಯ ಮೇಲೆ ಜೋಡಿಸುವುದು, ಮಿಷನ್ ಒಂದು ದಪ್ಪ ಬಿಲ್ಲೆಯನ್ನು ಕೊರೆದು ಕೊರೆದು ಸೆಟ್ಟು ತೆಗೆದು ಕೊಡುತ್ತದೆ. ಎರಡು ಸಲ ಬಂದರೆ ಮುಗಿಯಿತು. ಮುಂದೆ ಎಲ್ಲ ಹಲ್ಲೂ ಹೀಗೇ ಆಗುವುದು. ಇದೆಲ್ಲ ಮಾವನಿಗೂ ಗೊತ್ತು. ಗೊತ್ತಿದ್ದರೆ ಒಪ್ಪಬೇಕು ಎಂದೇನು?

ಮಿಷನ್ ಬಂದ ದಿನ ಮಾವ ಅದರ ಸುತ್ತ ಮೂರು ಸುತ್ತು ಬಂದ. ನಿಂಬೆಹಣ್ಣು ಇಟ್ಟ. ಗಾಜಿನ ಬಾಗಿಲಿಗೆ ಕುಂಕುಮ ಹಚ್ಚಿದ. ಜೋಡಿಸಲು ಬಂದಿದ್ದ ಇಂಜಿನಿಯರು ಬೆವರಿದ.

"ಇದು ಮನುಷ್ಯರ ಮುಖ ನೋಡ್ತದಾ?" ಎಂದ ಮಾವ.

"ಇಲ್ಲ ಸರ್. ಬಾಯಿ ಮಾತ್ರ."

ಮಾವನಿಗೆ ಮೊದಲ ಬಾರಿಗೆ ಅದರ ಮೇಲೆ ಸ್ವಲ್ಪ ಗೌರವ ಬಂತು. "ಕಡಲೆಕಾಯಿ ತಿಂದು ನೋಡ್ತದಾ?"

"ಇಲ್ಲ ಸರ್."

ಬಂದ ಗೌರವ ಹೊರಟುಹೋಯಿತು. ಅಂದಿನಿಂದ ಅದರ ಹೆಸರು ರಾಗಿ ಮಿಷನ್. ಪುಡಿ ಉದುರಿಸುವುದು ಬಿಟ್ಟರೆ ಅದಕ್ಕೇನೂ ಬರುವುದಿಲ್ಲ ಎಂದು ಅವನ ವಾದ. ನಾನು ಸಮಾಧಾನ ಮಾಡಲು ಹೋಗಿ, "ಮಾವ, ಇನ್ಮೇಲೆ ನೀನು ಕಷ್ಟಪಡೋದೇ ಬೇಡ. ಪಕ್ಕದಲ್ಲಿ ಕೂತ್ಕೊಂಡು ನೋಡ್ಕೋ, ಸಾಕು" ಎಂದುಬಿಟ್ಟೆ. ಬಾಯಿ ಇರುವುದು ಸುಮ್ಮನಿರಲೂ ಅಲ್ಲವೇ? ಅವನು ಮೇಣದ ಚಾಕುವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ನನಗೆ ಅನ್ನ ಹಾಕಿದ ಚಾಕು ಅದು.

ಕೋಪ ಮಾಡಿಕೊಂಡು ಮನೆಯಲ್ಲಿ ಇದ್ದನೇ ಎಂದರೆ ಅದೂ ಇಲ್ಲ! ಮಾರನೆಯ ದಿನ ಹತ್ತು ಗಂಟೆಗೆ ಸರಿಯಾಗಿ ಬಂದು, ಒಳಗೆ ಬರದೆ, ಪೇಷಂಟುಗಳ ಬೆಂಚಿನ ಮೇಲೆ ಕೂತ. ಅದು ಸತ್ಯಾಗ್ರಹ. ಮುಂದಿನ ಒಂದು ತಿಂಗಳು ಅಲ್ಲಿ ಕೂತೇ ನನ್ನ ಪೇಷಂಟುಗಳನ್ನು ಕೆಡಿಸಿದ.

ಅಂಬಾಜಿದುರ್ಗದ ಕಡೆಯ ಅಜ್ಜಿಯೊಬ್ಬಳು ಬಂದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಮಾತಿಗೆ ಮಾತ್ರ ಬರವಿಲ್ಲ. ನಾನು ಕ್ಯಾಮೆರಾ ಹಿಡಿದು ಬಾಯಿ ತೆರೆಯಜ್ಜಿ ಎಂದರೆ ತುಟಿ ಬಿಗಿದು ಕೂತಳು. ಏನು ಮಾಡಿದರೂ ತೆರೆಯಳು. ಕೊನೆಗೆ ಅಳುವ ದನಿಯಲ್ಲಿ, "ದೇವುಡಾ! ರೇಷನ್ ಅಂಗಡೀಲಿ ಹೆಬ್ಬೆಟ್ಟು ಹತ್ತಲ್ಲ ಅಂತಾರೆ, ಕೆಲಸ ಮಾಡಿ ಮಾಡಿ ಗೆರೆ ಸವೆದೋಗೈತೆ. ಅದಕ್ಕೆ ಈಗ ಬಾಯಿ ಗುರ್ತು ತಗೊಳ್ತಾರಂತಲ್ಲ? ಹಲ್ಲೇ ಇಲ್ಲದೋಳಿಗೆ ಅಕ್ಕಿ ಹೆಂಗೆ ಕೊಡ್ತೀಯ ತಾಯಿ?" ಎಂದಳು.

"ಯಾರಜ್ಜಿ ನಿಮಗೆ ಹಾಗೆ ಹೇಳಿದ್ದು?"

"ಆಚೆ ಬೆಂಚ್ ಮೇಲೆ ಒಬ್ರು ದೊಡ್ಡ ಮನುಷ್ಯರು ಕೂತವ್ರಲ್ಲ, ಅವರೇ."

ನಾನು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮಾವ ಪೇಪರ್ ಓದುತ್ತಿದ್ದ, ತಲೆಕೆಳಗಾಗಿ ಹಿಡಿದು.

"ಮಾವ, ನೀನು ಮನುಷ್ಯನೇನೋ!"

"ನಾನೆಲ್ಲಿ ಹೇಳ್ದೆ? ಆಯಮ್ಮನೇ ಹಂಗಾ ಅಂತ ಕೇಳ್ತು. ನಾನು ಹೂಂ ಅಂದೆ ಅಷ್ಟೆ."

ಅಲ್ಲಿಯೇ ಪಣ ಬಿತ್ತು. ಇದೇ ಅಜ್ಜಿಗೆ ಮಾವ ಕೈಯಲ್ಲಿ ಒಂದು ಸೆಟ್ಟು ಮಾಡುವುದು, ನಾನು ಮಿಷನ್ನಿನಲ್ಲಿ ಒಂದು. ಕಡಲೆಕಾಯಿ ತೀರ್ಪು ಕೊಡುತ್ತದೆ. ಮಿಷನ್ ಗೆದ್ದರೆ ಅವನು ಚಾಕು ಕೆಳಗಿಡುತ್ತಾನೆ, ಅವನು ಗೆದ್ದರೆ ಹಿಂದಿನ ರೂಮು ಮತ್ತೆ ಅವನದು. ತಮಾಷೆಗೆ ಶುರುವಾದ ಮಾತು, ಆದರೆ ಹೇಳುವಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ತೀರ್ಪಿನ ದಿನ ಬೆಂಚಿನ ತುಂಬ ಜನ. ಅಜ್ಜಿ ಮೊದಲು ನನ್ನ ಸೆಟ್ಟು ಹಾಕಿಕೊಂಡು ಒಂದು ಹಿಡಿ ಅಗಿದಳು. ಆಮೇಲೆ ಮಾವನ ಸೆಟ್ಟು ಹಾಕಿಕೊಂಡು ಒಂದು ಹಿಡಿ. ಆಮೇಲೆ ಇನ್ನೊಂದು ಸಲ ನೋಡ್ತೀನಿ ಎಂದು ಎರಡರಲ್ಲೂ ಇನ್ನೊಂದೊಂದು ಹಿಡಿ. ಡಬ್ಬ ತಳ ಕಂಡಿತು.

"ಹೇಳಜ್ಜಿ, ಯಾವುದು ಚೆನ್ನಾಗಿದೆ?"

"ಎರಡೂ ಬಲೇ ಚೆನ್ನಾಗವೆ. ಒಂದು ನಂಗಿರ್ಲಿ, ಇನ್ನೊಂದು ನಮ್ಮ ಯಜಮಾನ್ರಿಗೆ ಕೊಡ್ತೀನಿ."

ಸೆಟ್ಟು ಎಂದರೆ ಟವೆಲ್ಲಲ್ಲ, ಗಂಡ ಹೆಂಡತಿ ಹಂಚಿಕೊಳ್ಳಲು ಬರುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಎಲ್ಲರೂ ನಗುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಹಠ ಬಿಡಬೇಕಲ್ಲ! ಮಾವನ ಸೆಟ್ಟನ್ನು ಕ್ಯಾಮೆರಾ ಕೆಳಗೆ ಹಿಡಿದು, ಅದರ ಚಿತ್ರವನ್ನು ನನ್ನದರ ಚಿತ್ರದ ಮೇಲಿಟ್ಟು ಕಂಪ್ಯೂಟರಿನಲ್ಲಿ ಹೋಲಿಸಿದೆ. ಎಲ್ಲ ಹಲ್ಲೂ ಹಸಿರಾಗಿ ಬಂದವು. ಒಂದು ಮಾತ್ರ ಕೆಂಪು: ಮೇಲಿನ ಸಾಲು, ಎಡಗಡೆ, ನಡುವಿನಿಂದ ಎರಡನೆಯದು.

"ನೋಡು ಮಾವ, ಸೊಟ್ಟ ಕೂರ್ಸಿದೀಯ!" ಎಂದೆ, ಬೆಂಚಿನವರಿಗೆಲ್ಲ ಕೇಳುವ ಹಾಗೆ. "ಮಿಷನ್ ತಪ್ಪು ಮಾಡಲ್ಲ."

ಮಾವ ಪರದೆಯನ್ನು ನೋಡಿದ. ನನ್ನನ್ನು ನೋಡಿದ. "ಹೌದಮ್ಮ. ಸೊಟ್ಟ ಐತೆ" ಎಂದ. ಚೀಲ ತೆಗೆದುಕೊಂಡು ಹೊರಟುಹೋದ. ಅಜ್ಜಿಗೆ ಮುಂದಿನ ವಾರ ಬಾ ಎಂದು ಹೇಳಿ ಕಳಿಸಿದೆ.

ಮಾರನೆಯ ದಿನ ಬೆಂಚು ಖಾಲಿ. ಅದರ ಮಾರನೆಯ ದಿನವೂ. ಗೆದ್ದವಳು ನಾನು. ಖಾಲಿಯಾದ ಕಡಲೆಕಾಯಿ ಡಬ್ಬ ತುಂಬಿಸಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ಮೂರನೆಯ ದಿನ ಬಸ್ ಸ್ಟ್ಯಾಂಡಿನ ಹೂವಿನವಳು ಹಳೆಯ ಸೆಟ್ಟು ಬದಲಾಯಿಸಲು ಬಂದಳು. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನ ನೇರ ಸಾಲಿಗೆ ಹೋಲಿಸಿದರೆ, ಅದೇ ಹಲ್ಲು ಕೆಂಪು. ಅಷ್ಟೇ ತಿರುವು! ಕಂಪ್ಯೂಟರಿನಲ್ಲಿ ಆ ತಿಂಗಳು ರಿಪೇರಿಗೆ ಬಂದಾಗ ಸ್ಕ್ಯಾನ್ ಮಾಡಿದ್ದ ಮಾವನ ಹಳೆಯ ಸೆಟ್ಟುಗಳನ್ನೆಲ್ಲ ತೆರೆದೆ. ರಿಟೈರ್ ಆದ ಟೀಚರಮ್ಮನದು ಸೊಟ್ಟ. ಹಾಲಿನ ಡೈರಿಯ ಅಕ್ಕನದು ಸೊಟ್ಟ. ರೇಷ್ಮೆಗೂಡು ಬಿಚ್ಚುವ ಕೆಲಸದ ಫಾತಿಮಾಬೀಯದು ಸೊಟ್ಟ. ಮಂಡಿ ಯಜಮಾನರದು ಮಾತ್ರ ಗೆರೆ ಎಳೆದ ಹಾಗೆ ನೇರ. ಗಂಡಸರದೆಲ್ಲ ನೇರ, ಹೆಂಗಸರದೆಲ್ಲ ಒಂದೇ ಹಲ್ಲು ಸೊಟ್ಟ. ಕೈ ತಪ್ಪಿದರೆ ಹೀಗೆ ಗಂಡು ಹೆಣ್ಣು ನೋಡಿ ತಪ್ಪುತ್ತದೆಯೇ?

ಮಧ್ಯಾಹ್ನವೇ ಮನೆಗೆ ಹೋದೆ. ಮಾವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಮಾವ, ಹೆಂಗಸರಿಗೆಲ್ಲ ಆ ಹಲ್ಲು ಯಾಕೆ ತಿರುಗಿಸ್ತೀಯ?"

ಅವನು ಇನ್ನೂ ನಾಲ್ಕು ಕಾಯಿ ಸುಲಿದ.

"ಅದು ನಿಮ್ಮಮ್ಮನ ಹಲ್ಲು ಕಣಮ್ಮ."

ನನಗೆ ಅರ್ಥವಾಗಲಿಲ್ಲ.

"ಅಕ್ಕನಿಗೆ ಆ ಹಲ್ಲು ಹಂಗೇ ಸ್ವಲ್ಪ ತಿರುಗಿತ್ತು. ಚೆನ್ನಾಗೇ ಕಾಣ್ತಿತ್ತು. ನಾನು ಚಿಕ್ಕೋನು, ಬುದ್ಧಿಯಿಲ್ಲ, ಒಂದಿನ ಜಗಳದಲ್ಲಿ ಸೊಟ್ಟಹಲ್ಲಿ ಅಂದ್ಬಿಟ್ಟೆ. ಸ್ಕೂಲೆಲ್ಲ ಅದೇ ಹೆಸರಾಯ್ತು. ಅವತ್ತು ಬಾಯಿಗೆ ಕೈ ಅಡ್ಡ ಇಟ್ಕೊಂಡ್ಳು ನೋಡು, ಮದುವೆ ಆದ್ಮೇಲೆ ಸೆರಗು ಅಡ್ಡ ಇಟ್ಕೊಂಡ್ಳು. ಹೋಗೋವರ್ಗೂ ತೆಗೀಲಿಲ್ಲ ಕಣಮ್ಮ. ಒಂದು ಸಲಾನೂ ಬಾಯ್ತುಂಬ ನಕ್ಕಿದ್ದು ನಾನು ನೋಡ್ಲಿಲ್ಲ."

ಅವರೆಕಾಳು ಅವನ ಕೈಯಿಂದ ಜಾರಿ ಮೊರದಾಚೆ ಬಿತ್ತು.

"ಅವಳು ಹೋಗಿ ತಿಂಗಳಿಗೆ ಒಬ್ಬ ಹೆಣ್ಣುಮಗಳ ಸೆಟ್ಟು ಕಟ್ತಿದ್ದೆ. ಕೈ ತಾನಾಗೇ ಆ ಹಲ್ಲು ತಿರುಗಿಸ್ಬಿಡ್ತು. ಸರಿ ಮಾಡೋಣ ಅಂದ್ಕೊಳ್ಳೋ ಅಷ್ಟರಲ್ಲಿ ಆಯಮ್ಮ ಹಾಕ್ಕೊಂಡು ಕನ್ನಡಿ ನೋಡಿ ನಕ್ಕೇಬಿಟ್ಳು. ಬಾಯಿ ಮುಚ್ಕೊಳ್ಲಿಲ್ಲ! ಅದೇ ಹಲ್ಲು, ಎಷ್ಟು ಚೆನ್ನಾಗಿ ನಕ್ಳು ಗೊತ್ತಾ? ಆಮೇಲೆ ನಂಗೆ ನೇರ ಕೂರ್ಸೋಕೆ ಮನಸ್ಸೇ ಬರ್ಲಿಲ್ಲ."

ನನಗೆ ಅಮ್ಮನ ಕಣ್ಣು ನೆನಪಿದೆ. ಬಾಯಿಯ ಮೇಲಿನ ಸೆರಗು ನೆನಪಿದೆ. ಮನೆಯಲ್ಲಿರುವ ಮೂರು ಫೋಟೋದಲ್ಲೂ ತುಟಿ ಮುಚ್ಚಿದೆ. ಅವಳ ನಗು ಹೇಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ, ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಈ ಮನುಷ್ಯ ಅದನ್ನು ಊರ ಹೆಂಗಸರ ಬಾಯಲ್ಲೆಲ್ಲ ಇಟ್ಟು, ಬೀದಿ ಬೀದಿಯಲ್ಲಿ ನಗಿಸಿಕೊಂಡು ಕೂತಿದ್ದ. ಅದನ್ನು ನಾನು ಬೆಂಚಿನವರ ಮುಂದೆ ತಪ್ಪು ಎಂದು ತೋರಿಸಿದ್ದೆ. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ್ವೇ, ಅವರೆಕಾಯಿಗೆ ಉಪ್ಪಾಗ್ತದೆ" ಎಂದ ಮಾವ. ಅವನ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಮೆಲ್ಲಗೆ ಕೇಳಿದ: "ಆ ನಿನ್ನ ರಾಗಿ ಮಿಷನ್ನಿಗೆ ಇದನ್ನ ಕಲಿಸ್ಬೋದಾ?"

"ಕಲಿಸ್ಬೋದು ಮಾವ."

"ನಾನು ಹೋದ್ಮೇಲೂ ಮಾಡ್ತದಾ?"

"ಸೇವ್ ಮಾಡಿಟ್ರೆ ಎಷ್ಟು ವರ್ಷ ಆದ್ರೂ ಮಾಡ್ತದೆ."

"ಏಳು ಮತ್ತೆ."

ಅಂದು ಸಂಜೆ ಹಿಂದಿನ ರೂಮಿನಲ್ಲಿ ಮಾವ ಕಂಪ್ಯೂಟರಿನ ಮುಂದೆ ಮೂಗು ತಾಗುವಷ್ಟು ಹತ್ತಿರ ಕೂತ. ಅಜ್ಜಿಯ ಸೆಟ್ಟು ಪರದೆಯ ಮೇಲಿತ್ತು. ಮೌಸ್ ನನ್ನ ಕೈಯಲ್ಲಿ, ಅಳತೆ ಅವನ ಕಣ್ಣಲ್ಲಿ. "ಇನ್ನೂ ಸ್ವಲ್ಪ. ಅಷ್ಟಲ್ಲ ಕಣೇ, ಎಮ್ಮೆ ತಿರುಗಿಸ್ತಿದೀಯಾ? ಹಿಂದಕ್ಕೆ ಬಾ. ಇನ್ನೊಂದು ಚೂರು." ಅರ್ಧ ಗಂಟೆ ಬೈದ. ಆಮೇಲೆ ಇದ್ದಕ್ಕಿದ್ದಂತೆ ಬೈಗುಳ ನಿಂತಿತು. ಯಾವ ಹೆಸರಿನಲ್ಲಿ ಉಳಿಸಲಿ ಎಂದು ಕಂಪ್ಯೂಟರು ಕೇಳಿತು. ಮಾವ "ಅಕ್ಕ" ಎಂದ. ನಾನು ಹಾಗೆಯೇ ಬರೆದೆ.

ಮುಂದಿನ ವಾರ ಅಜ್ಜಿ ಬಂದಳು. ಮಿಷನ್ ಕೊರೆದ ಹೊಸ ಸೆಟ್ಟನ್ನು ಮಾವನೇ ತೊಳೆದು ಬಾಯಿಗೆ ಕೂರಿಸಿದ. ಕಡಲೆಕಾಯಿ ಆಯಿತು, ವಿದುರಾಶ್ವತ್ಥ ಆಯಿತು. "ಈಗ ಅಕ್ಕಿ ಸಿಗ್ತದಾ ಸಾಮಿ?" ಎಂದಳು ಅಜ್ಜಿ. "ಸಿಗ್ತದೆ, ಜೊತೆಗೆ ಯಜಮಾನ್ರಿಗೆ ಒಂದು ಮುತ್ತೂ ಕೊಡ್ಬೋದು" ಎಂದ ಮಾವ. ಅಜ್ಜಿ ಅವನ ಭುಜಕ್ಕೆ ಒಂದು ಏಟು ಕೊಟ್ಟು, ತಲೆ ಹಿಂದಕ್ಕೆ ಎಸೆದು, ಬಾಯ್ತುಂಬ ನಕ್ಕಳು.

ನಾನು ಕೈಯಲ್ಲಿದ್ದ ಕನ್ನಡಿ ಹಾಗೇ ಹಿಡಿದು ನಿಂತುಬಿಟ್ಟೆ.

"ಯಾಕೆ ತಾಯಿ, ಹಂಗೆ ನೋಡ್ತೀಯ? ಸರಿಯಾಗಿಲ್ವಾ?"

"ಸರಿಯಾಗಿದೆ ಅಜ್ಜಿ," ಎಂದೆ. "ಇನ್ನೊಂದು ಸಲ ನಗಿ."